ನಕ್ಷೆಯಲ್ಲಿ ಹೆಚ್ಚಿದ ಹಸಿರು ನೀತಿಯ ಫಲವೇ?

ಪ್ರಶ್ನೆ: ನಾನು ಗ್ರಾಮೀಣ ಭೂಬಳಕೆಯ ವಿಷಯದಲ್ಲಿ ಸಂಶೋಧನೆ ಆರಂಭಿಸುತ್ತಿರುವ ವಿದ್ಯಾರ್ಥಿ. ಒಂದು ಕೃಷಿ ನೀತಿ ಜಾರಿಗೆ ಬಂದ ಮೇಲೆ ಹುಲ್ಲುಗಾವಲು ಹೆಚ್ಚಿತು, ಪರಿಸರ ಸುಧಾರಿಸಿತು ಎಂದು ಉಪಗ್ರಹ ನಕ್ಷೆಗಳನ್ನು ಮುಂದಿಟ್ಟು ಹೇಳುವ ವರದಿಗಳನ್ನು ಓದುತ್ತಿರುತ್ತೇನೆ. ನಕ್ಷೆ ಶೇ 90ಕ್ಕಿಂತ ಹೆಚ್ಚು ನಿಖರವಾಗಿದೆ ಎಂದೂ ಅವುಗಳಲ್ಲಿ ಬರೆದಿರುತ್ತದೆ. ಇಂಥ ತೀರ್ಮಾನಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ನಾನೇ ಇಂಥದೊಂದು ಅಧ್ಯಯನ ಮಾಡುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ನೆಲದ ಮೇಲೆ ನಿಜವಾಗಿ ಬದಲಾವಣೆ ಆಗಿದೆಯೇ ಎಂಬುದು ಮೊದಲನೆಯದು. ಆಗಿದ್ದರೆ ಅದಕ್ಕೆ ನೀತಿಯೇ ಕಾರಣವೇ ಎಂಬುದು ಎರಡನೆಯದು. ಭೂಬಳಕೆ ಬದಲಾದುದರಿಂದ ನೀರು, ಮಣ್ಣು ಮತ್ತು ಜೀವಸಂಕುಲದ ಸ್ಥಿತಿ ಸುಧಾರಿಸಿತೇ ಎಂಬುದು ಮೂರನೆಯದು. ಬಹಳಷ್ಟು ವರದಿಗಳು ಮೊದಲ ಪ್ರಶ್ನೆಗೆ ಅರ್ಧ ಉತ್ತರ ಕಂಡುಕೊಂಡು, ಅದನ್ನೇ ಉಳಿದೆರಡಕ್ಕೂ ಸಾಲುವಂತೆ ಬಳಸುತ್ತವೆ. ನೀತಿ ಜಾರಿಯಾಗುವುದಕ್ಕೆ ಮುಂಚಿನ ಸ್ಥಿತಿಯನ್ನು ದಾಖಲಿಸದ, ನೀತಿಯ ವ್ಯಾಪ್ತಿಗೆ ಬಾರದ ಭೂಮಿಯನ್ನೂ ಅಷ್ಟೇ ಶ್ರದ್ಧೆಯಿಂದ ಗಮನಿಸದ ಅಧ್ಯಯನವು ನೀತಿಯ ಫಲಿತಾಂಶದ ಬಗ್ಗೆ ಖಚಿತವಾಗಿ ಮಾತನಾಡಲಾರದು ಎಂಬುದು ನನ್ನ ದೃಢ ಅಭಿಪ್ರಾಯ. ಅದು ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಖರತೆಯ ಅಂಕಿಯಿಂದಲೇ ತೊಡಗೋಣ, ಏಕೆಂದರೆ ಓದುಗರು ಹೆಚ್ಚು ಮೋಸಹೋಗುವುದು ಅಲ್ಲಿಯೇ. ಲೆಕ್ಕದ ಅನುಕೂಲಕ್ಕಾಗಿ ಒಂದು ಲಕ್ಷ ಹೆಕ್ಟೇರ್ ವಿಸ್ತೀರ್ಣದ ಕಲ್ಪಿತ ಪ್ರದೇಶವೊಂದನ್ನು ತೆಗೆದುಕೊಳ್ಳಿ. ಉಪಗ್ರಹ ಚಿತ್ರಗಳಿಂದ ತಯಾರಿಸಿದ ನಕ್ಷೆ ಅದರಲ್ಲಿ 10,000 ಹೆಕ್ಟೇರ್ ಹುಲ್ಲುಗಾವಲು, 90,000 ಹೆಕ್ಟೇರ್ ಇತರ ಭೂಮಿ ಎಂದು ತೋರಿಸುತ್ತದೆ. ನಕ್ಷೆಯನ್ನು ಪರೀಕ್ಷಿಸಲು ಹುಲ್ಲುಗಾವಲು ಎಂದು ಗುರುತಾದ ಭಾಗದಲ್ಲಿ 100 ಬಿಂದುಗಳನ್ನೂ ಉಳಿದ ಭಾಗದಲ್ಲಿ 500 ಬಿಂದುಗಳನ್ನೂ ಯಾದೃಚ್ಛಿಕವಾಗಿ ಆರಿಸಿ, ಪ್ರತಿಯೊಂದರ ನಿಜಸ್ಥಿತಿಯನ್ನು ಸ್ಥಳದಲ್ಲೇ ನೋಡುತ್ತೇವೆ. ಮೊದಲ ಗುಂಪಿನ 80 ಬಿಂದುಗಳಲ್ಲಿ ಮಾತ್ರ ನಿಜವಾಗಿ ಹುಲ್ಲುಗಾವಲು ಸಿಗುತ್ತದೆ. ಎರಡನೆಯ ಗುಂಪಿನ 20 ಬಿಂದುಗಳಲ್ಲಿ, ಅಂದರೆ ಶೇ 4ರಲ್ಲಿ, ನಕ್ಷೆ ಬಿಟ್ಟುಹೋದ ಹುಲ್ಲುಗಾವಲು ಸಿಗುತ್ತದೆ. ವಿಸ್ತೀರ್ಣಕ್ಕೆ ತಕ್ಕ ತೂಕ ಕೊಟ್ಟು ಲೆಕ್ಕ ಹಾಕಿದರೆ ನಕ್ಷೆಯ ಒಟ್ಟು ನಿಖರತೆ ಶೇ 94.4. ಯಾವ ವರದಿಯಲ್ಲಾದರೂ ಹೆಮ್ಮೆಯಿಂದ ಅಚ್ಚುಮಾಡಬಹುದಾದ ಅಂಕಿ ಇದು.

ಈಗ ಹುಲ್ಲುಗಾವಲು ನಿಜವಾಗಿ ಎಷ್ಟಿದೆ ಎಂದು ಕೇಳಿಕೊಳ್ಳಿ. ನಕ್ಷೆ ತೋರಿಸಿದ 10,000 ಹೆಕ್ಟೇರಿನಲ್ಲಿ ಶೇ 80 ಅಂದರೆ 8,000; ಉಳಿದ 90,000 ಹೆಕ್ಟೇರಿನಲ್ಲಿ ಶೇ 4 ಅಂದರೆ 3,600; ಒಟ್ಟು 11,600 ಹೆಕ್ಟೇರ್. ನಕ್ಷೆಯ ಪಿಕ್ಸೆಲ್‌ಗಳನ್ನು (ಚಿತ್ರದ ಚಿಕ್ಕ ಚೌಕಗಳನ್ನು) ಎಣಿಸಿ ಪಡೆದ ವಿಸ್ತೀರ್ಣಕ್ಕೂ ಇದಕ್ಕೂ 1,600 ಹೆಕ್ಟೇರ್ ವ್ಯತ್ಯಾಸ. ಮಾದರಿ ಬಿಂದುಗಳ ಸಂಖ್ಯೆ ಸೀಮಿತವಾಗಿರುವುದರಿಂದ ಈ ಅಂದಾಜಿಗೂ ಶೇ 95ರ ವಿಶ್ವಾಸ ಮಟ್ಟದಲ್ಲಿ ಸುಮಾರು 1,700 ಹೆಕ್ಟೇರುಗಳಷ್ಟು ಅತ್ತಿತ್ತ ಆಗುವ ಅವಕಾಶವಿದೆ. ಹೀಗಿರುವಾಗ ಐದು ವರ್ಷಗಳಲ್ಲಿ ಹುಲ್ಲುಗಾವಲು ಶೇ 5ರಷ್ಟು, ಎಂದರೆ 500 ಹೆಕ್ಟೇರ್, ಹೆಚ್ಚಿದೆ ಎಂದು ಯಾರಾದರೂ ಹೇಳಿದರೆ ಆ ಹೆಚ್ಚಳ ಪೂರ್ತಿಯಾಗಿ ಅನಿಶ್ಚಿತತೆಯ ಒಳಗೇ ಮುಳುಗಿಹೋಗುತ್ತದೆ. ಹೆಚ್ಚಿರಬಹುದು, ತಗ್ಗಿರಲೂಬಹುದು, ಈ ದತ್ತಾಂಶದಿಂದ ನಿರ್ಧರಿಸಲಾಗದು. ಪ್ರಧಾನವಾಗಿ ಒಂದೇ ವರ್ಗದ ಭೂಮಿಯಿರುವ ಪ್ರದೇಶದಲ್ಲಿ ಒಟ್ಟು ನಿಖರತೆಯ ಅಂಕಿ ಸಹಜವಾಗಿಯೇ ದೊಡ್ಡದಾಗಿ ಕಾಣುತ್ತದೆ. ನಮಗೆ ಬೇಕಾದ ಸಣ್ಣ ವರ್ಗದ ಸ್ಥಿತಿಯನ್ನು ಅದು ಮರೆಮಾಡುತ್ತದೆ.

ಎರಡು ಬೇರೆ ಬೇರೆ ವರ್ಷಗಳ ನಕ್ಷೆಗಳನ್ನು ಒಂದರಿಂದೊಂದು ಕಳೆದು ಬದಲಾವಣೆಯನ್ನು ಕಂಡುಹಿಡಿಯುವುದಂತೂ ಇನ್ನೂ ಅಪಾಯಕಾರಿ. ಎರಡೂ ನಕ್ಷೆಗಳು ತಲಾ ಶೇ 94ರಷ್ಟು ಸರಿಯಾಗಿದ್ದು ಅವುಗಳ ತಪ್ಪುಗಳು ಪರಸ್ಪರ ಸಂಬಂಧವಿಲ್ಲದವಾಗಿದ್ದರೆ, ಎರಡರಲ್ಲೂ ಸರಿಯಾಗಿರುವ ಸ್ಥಳಗಳು ಸುಮಾರು ಶೇ 88 ಮಾತ್ರ. ಉಳಿದ ಶೇ 12ರಷ್ಟು ಜಾಗದಲ್ಲಿ ಏನೂ ಬದಲಾಗದಿದ್ದರೂ ಬದಲಾದಂತೆ ಕಾಣುವ ಸಾಧ್ಯತೆ ಇದೆ. ಗ್ರಾಮೀಣ ಪ್ರದೇಶದಲ್ಲಿ ಒಂದು ವರ್ಗದಿಂದ ಇನ್ನೊಂದಕ್ಕೆ ನಿಜವಾಗಿ ಹೋಗುವ ಭೂಮಿ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಆದ್ದರಿಂದಲೇ 2014ರಲ್ಲಿ ಪಾಂಟಸ್ ಓಲೋಫ್ಸನ್ ಮತ್ತು ಸಹಲೇಖಕರು ‘ರಿಮೋಟ್ ಸೆನ್ಸಿಂಗ್ ಆಫ್ ಎನ್ವಿರಾನ್‌ಮೆಂಟ್’ ಪತ್ರಿಕೆಯಲ್ಲಿ ಉತ್ತಮ ಕ್ರಮಗಳನ್ನು ವಿವರಿಸಿ ಪ್ರಕಟಿಸಿದ ಲೇಖನವು, ವಿಸ್ತೀರ್ಣವನ್ನು ಪಿಕ್ಸೆಲ್ ಎಣಿಕೆಯಿಂದ ಹೇಳದೆ ಮಾದರಿ ಬಿಂದುಗಳ ಆಧಾರದಿಂದ ಅಂದಾಜಿಸಿ, ದೋಷದ ವ್ಯಾಪ್ತಿಯ ಸಮೇತ ಕೊಡಬೇಕೆಂದು ಒತ್ತಿಹೇಳಿತು. ನೀವು ಓದುತ್ತಿರುವ ವರದಿಯಲ್ಲಿ ವಿಸ್ತೀರ್ಣದ ಪಕ್ಕದಲ್ಲಿ ಈ ವ್ಯಾಪ್ತಿ ಇಲ್ಲದಿದ್ದರೆ, ಅದರ ಬದಲಾವಣೆಯ ಅಂಕಿಗಳನ್ನು ಸದ್ಯಕ್ಕೆ ಬದಿಗಿಡುವುದೇ ಸರಿ.

ತಪ್ಪು ಬದಲಾವಣೆ ಕಾಣಿಸಿಕೊಳ್ಳಲು ಉಪಕರಣವೂ ಕಾರಣವಾಗುತ್ತದೆ. ಲ್ಯಾಂಡ್‌ಸ್ಯಾಟ್ ಎಂಬ ಅಮೆರಿಕದ ಭೂವೀಕ್ಷಣಾ ಸರಣಿಯ ಮೊದಲ ಉಪಗ್ರಹ 1972ರಲ್ಲಿ ಹಾರಿತು. ಆಗಿನ ಚಿತ್ರಗಳು ಸುಮಾರು 80 ಮೀಟರ್ ವಿಭೇದನದವು, ಎಂದರೆ ಒಂದು ಪಿಕ್ಸೆಲ್ ನೆಲದ ಮೇಲೆ ಅಷ್ಟು ಉದ್ದಗಲದ್ದು. 1982ರಿಂದ 30 ಮೀಟರಿನವು ಬಂದವು. 2003ರ ಮೇ ತಿಂಗಳಲ್ಲಿ ಲ್ಯಾಂಡ್‌ಸ್ಯಾಟ್-7ರ ಒಂದು ಭಾಗ ಕೆಟ್ಟು, ಆನಂತರದ ಅದರ ಪ್ರತಿಯೊಂದು ಚಿತ್ರದಲ್ಲೂ ಸುಮಾರು ಐದನೇ ಒಂದು ಭಾಗ ಪಟ್ಟೆಪಟ್ಟೆಯಾಗಿ ಕಾಣೆಯಾಯಿತು. ಈ ಸಂಗ್ರಹ 2008ರಲ್ಲಿ ಎಲ್ಲರಿಗೂ ಉಚಿತವಾದದ್ದು ಇಂದಿನ ಭೂಬಳಕೆ ಸಂಶೋಧನೆಯ ಅಡಿಪಾಯ ಎನ್ನಬಹುದು; ಆದರೆ ಅದನ್ನು ಬಳಸುವವರು ಈ ಇತಿಹಾಸವನ್ನು ತಿಳಿದಿರಲೇಬೇಕು. 2015ರಲ್ಲಿ ಆರಂಭವಾದ ಯುರೋಪಿನ ಸೆಂಟಿನೆಲ್-2 ಉಪಗ್ರಹ ಸರಣಿಯ ಒಂದು ಉದಾಹರಣೆ ಇನ್ನೂ ಸೂಕ್ಷ್ಮವಾದದ್ದು. 2022ರ ಜನವರಿಯಲ್ಲಿ ಅದರ ದತ್ತಾಂಶ ಸಂಸ್ಕರಣೆಯ ಕ್ರಮ ಬದಲಾಗಿ, ಪ್ರತಿಯೊಂದು ಪಿಕ್ಸೆಲ್ ಮೌಲ್ಯಕ್ಕೂ 1000 ಸೇರಿಸಿ ಕೊಡುವ ಪದ್ಧತಿ ಬಂತು. ಬಳಕೆದಾರರು ಅದನ್ನು ಕಳೆದುಕೊಂಡೇ ಲೆಕ್ಕ ಮಾಡಬೇಕು. ಕಳೆಯದೆ ಹೋದರೆ ಏನಾಗುತ್ತದೆ ನೋಡಿ: ಸೊಂಪಾದ ಪೈರಿರುವ ಒಂದು ಹೊಲದಲ್ಲಿ ಕೆಂಪು ಬೆಳಕಿನ ಮೌಲ್ಯ 500, ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬೆಳಕಿನ ಮೌಲ್ಯ 3000 ಇದ್ದರೆ, ಅವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ಪಡೆಯುವ ಸಸ್ಯ ಸೂಚ್ಯಂಕ 0.71 ಬರುತ್ತದೆ, ಎರಡಕ್ಕೂ 1000 ಸೇರಿದಾಗ ಅದೇ ಹೊಲದ ಸೂಚ್ಯಂಕ 0.45ಕ್ಕೆ ಇಳಿಯುತ್ತದೆ. ಬೆಳೆ ಕಿಂಚಿತ್ತೂ ಬದಲಾಗಿರುವುದಿಲ್ಲ, ಆದರೂ 2021 ಮತ್ತು 2022ರ ನಡುವೆ ಇಡೀ ಸೀಮೆಯ ಹಸಿರು ಕುಸಿದಂತೆ ನಕ್ಷೆ ತೋರಿಸುತ್ತದೆ. ಅದೇ ವರ್ಷ ಒಂದು ನೀತಿ ಬದಲಾಗಿದ್ದರೆ ದೂಷಣೆ ಅದರ ಮೇಲೆ ಬೀಳುವುದು ನಿಶ್ಚಿತ.

ಹಿಡುವಳಿಯ ಗಾತ್ರವೂ ಮುಖ್ಯ. ಅರ್ಧ ಹೆಕ್ಟೇರಿನ ಹೊಲದಲ್ಲಿ 30 ಮೀಟರಿನ ಪಿಕ್ಸೆಲ್‌ಗಳು ಐದೋ ಆರೋ ಹಿಡಿಯುತ್ತವೆ, ಅವುಗಳಲ್ಲಿ ಹೆಚ್ಚಿನವು ಬದುವನ್ನೂ ಪಕ್ಕದ ಹೊಲವನ್ನೂ ತಮ್ಮೊಳಗೆ ಬೆರೆಸಿಕೊಂಡಿರುತ್ತವೆ. 10 ಮೀಟರಿನ ಪಿಕ್ಸೆಲ್‌ಗಳಾದರೆ ಸುಮಾರು ಐವತ್ತು ಸಿಗುತ್ತವೆ. ಯುರೋಪಿನ ಕೋರಿನ್ ಭೂಹೊದಿಕೆ ನಕ್ಷೆಯಂತೂ 25 ಹೆಕ್ಟೇರಿಗಿಂತ ಚಿಕ್ಕ ತುಂಡುಗಳನ್ನು ಪ್ರತ್ಯೇಕವಾಗಿ ಗುರುತಿಸುವುದೇ ಇಲ್ಲ. ಅದರ ಉದ್ದೇಶಕ್ಕೆ ಅದು ತಕ್ಕದ್ದೇ, ಆದರೆ ಬದುವಿನ ಮರಗಳನ್ನು ಉಳಿಸುವ ಯೋಜನೆಯೊಂದರ ಪರಿಣಾಮವನ್ನು ಅದರಿಂದ ಅಳೆಯಲು ಹೊರಟರೆ ಏನೂ ಸಿಗದು.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಉಪಗ್ರಹಕ್ಕೆ ಕಾಣುವುದು ನೆಲದ ಹೊದಿಕೆ. ನೆಲದ ಬಳಕೆ ಅದಕ್ಕೆ ನೇರವಾಗಿ ಕಾಣುವುದಿಲ್ಲ. ಈ ವರ್ಷ ಬಿತ್ತದ ಹೊಲ ಮುಂದಿನ ವರ್ಷಕ್ಕಾಗಿ ಬೀಳು ಬಿಟ್ಟದ್ದೋ, ಬೇಸಾಯ ಬಿಟ್ಟು ಹೋದವರ ಪಾಳು ಭೂಮಿಯೋ, ದನಕರು ಮೇಯಿಸಲು ಇಟ್ಟುಕೊಂಡದ್ದೋ ಎಂಬುದನ್ನು ಒಂದು ವರ್ಷದ ಚಿತ್ರ ಹೇಳಲಾರದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯಾನದಲ್ಲಿ ಐದು ವರ್ಷಕ್ಕಿಂತ ಕಡಿಮೆ ಕಾಲ ಬೀಳು ಬಿದ್ದ ಭೂಮಿ ಇನ್ನೂ ಸಾಗುವಳಿ ಭೂಮಿಯ ಲೆಕ್ಕಕ್ಕೇ ಸೇರುತ್ತದೆ. ವ್ಯಾಖ್ಯಾನಗಳು ಬರೀ ಕಾಗದದ ಮೇಲೆ ಉಳಿಯುವುದಿಲ್ಲ, ನೇಗಿಲಿನ ದಾರಿಯನ್ನೂ ಬದಲಿಸುತ್ತವೆ. ಯುರೋಪಿನ ಒಕ್ಕೂಟದಲ್ಲಿ ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೆಳೆ ಆವರ್ತನೆಗೆ ಸೇರದ ಹುಲ್ಲುನೆಲ ‘ಶಾಶ್ವತ ಹುಲ್ಲುಗಾವಲು’ ಎನಿಸುತ್ತದೆ, ಅದನ್ನು ಉಳುವುದರ ಮೇಲೆ ನಿರ್ಬಂಧಗಳು ಬರುತ್ತವೆ. ಹಾಗಾಗಿ ಆ ಪಟ್ಟಿಗೆ ತಮ್ಮ ಭೂಮಿ ಸೇರದಿರಲೆಂದು ಐದನೆಯ ವರ್ಷ ತುಂಬುವ ಮುನ್ನವೇ ಉತ್ತು ಮರುಬಿತ್ತನೆ ಮಾಡುವ ರೈತರಿದ್ದಾರೆ. ಹುಲ್ಲುಗಾವಲನ್ನು ಉಳಿಸಲೆಂದು ಮಾಡಿದ ನಿಯಮವೇ ಉಳುಮೆಗೆ ಕಾರಣವಾಗುವ ಇಂಥ ಪ್ರಸಂಗವನ್ನು ವರ್ಷಕ್ಕೊಂದು ನಕ್ಷೆ ಹಿಡಿಯಲಾರದು. ನಿಯಮದ ಪಠ್ಯವನ್ನು ಓದಿಕೊಂಡು, ಆ ಋತುವಿನ ಚಿತ್ರಗಳನ್ನು ಬಿಡಿಬಿಡಿಯಾಗಿ ನೋಡಿ, ಬೇಸಾಯ ಮಾಡುವವರನ್ನೇ ಮಾತನಾಡಿಸಿದಾಗ ಮಾತ್ರ ಅದು ಗೊತ್ತಾಗುತ್ತದೆ.

ಈ ಕಾರಣಕ್ಕೇ ನೆಲದ ಮೇಲಿನ ಸಮೀಕ್ಷೆಗೆ ಬದಲಿ ಇಲ್ಲ. ಯುರೋಪಿನ ಒಕ್ಕೂಟದ ‘ಲ್ಯೂಕಾಸ್’ ಸಮೀಕ್ಷೆ ಎರಡು ಕಿಲೋಮೀಟರ್ ಅಂತರದ ಚೌಕ ಜಾಲದಲ್ಲಿ ಸುಮಾರು 11 ಲಕ್ಷ ಬಿಂದುಗಳನ್ನು ಗುರುತಿಸಿಕೊಂಡು, ಅವುಗಳಲ್ಲಿ ಆರಿಸಿದವುಗಳ ಬಳಿಗೆ ಸಮೀಕ್ಷಕರನ್ನೇ ಕಳುಹಿಸುತ್ತದೆ. ಅವರು ಅಲ್ಲಿ ನಿಂತು ಹೊದಿಕೆ ಯಾವುದು, ಬಳಕೆ ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಬರೆದುಕೊಂಡು, ನಾಲ್ಕು ದಿಕ್ಕಿಗೂ ಛಾಯಾಚಿತ್ರ ತೆಗೆಯುತ್ತಾರೆ. 2009ರಲ್ಲಿ ಸುಮಾರು 20,000 ಬಿಂದುಗಳಿಂದ ಮೇಲ್ಮಣ್ಣಿನ ಮಾದರಿಗಳನ್ನೂ ತೆಗೆಯಲಾಯಿತು. ನೋಡಲು ಸರಳವಾದ ಈ ಕೆಲಸದ ಬೆಲೆ ತಿಳಿಯುವುದು ಅದೇ ಬಿಂದುವಿಗೆ ಮೂರು ವರ್ಷ, ಆರು ವರ್ಷ ಬಿಟ್ಟು ಮತ್ತೆ ಹೋದಾಗ.

ಇನ್ನು ಎರಡನೆಯ ಪ್ರಶ್ನೆ. ಬದಲಾವಣೆ ನಿಜವೆಂದೇ ಇಟ್ಟುಕೊಳ್ಳೋಣ. ಅದು ನೀತಿಯಿಂದಲೇ ಆಯಿತೆಂದು ಹೇಳಬೇಕಾದರೆ, ನೀತಿ ಇಲ್ಲದಿದ್ದರೆ ಅದೇ ಭೂಮಿ ಏನಾಗುತ್ತಿತ್ತು ಎಂಬುದನ್ನು ಅಂದಾಜಿಸಬೇಕು. ಅದನ್ನು ಯಾರೂ ಕಣ್ಣಾರೆ ನೋಡಲಾಗದು, ಹೋಲಿಕೆಯಿಂದ ಮಾತ್ರ ಊಹಿಸಬಹುದು. ಹೋಲಿಕೆಯ ತೊಡಕು ಎಲ್ಲಿದೆಯೆಂದರೆ, ಸ್ವಯಂಪ್ರೇರಿತ ಯೋಜನೆಗಳಿಗೆ ರೈತರು ತಮ್ಮ ಎಲ್ಲ ಭೂಮಿಯನ್ನೂ ಸಮನಾಗಿ ತರುವುದಿಲ್ಲ. ಇಳುವರಿ ಕಡಿಮೆ ಇರುವ, ಇಳಿಜಾರಿನ, ಮನೆಯಿಂದ ದೂರದ ಹೊಲಗಳನ್ನು ಮೊದಲು ಸೇರಿಸುತ್ತಾರೆ. ಅವರ ದೃಷ್ಟಿಯಿಂದ ಅದು ವಿವೇಕದ ನಿರ್ಧಾರವೇ. ಆದರೆ ಆ ಹೊಲಗಳಲ್ಲಿ ಕೆಲವಾದರೂ ಯೋಜನೆ ಇಲ್ಲದಿದ್ದರೂ ಬೀಳು ಬೀಳುತ್ತಿದ್ದವು. ಅವನ್ನು ಫಲವತ್ತಾದ ಹೊಲಗಳ ಜೊತೆ ಹೋಲಿಸಿ ಬಂದ ವ್ಯತ್ಯಾಸವನ್ನೆಲ್ಲ ಯೋಜನೆಯ ಖಾತೆಗೆ ಹಾಕುವುದು ತಪ್ಪು.

ಈ ಕ್ಷೇತ್ರ ತನ್ನನ್ನು ತಾನು ಪ್ರಶ್ನಿಸಿಕೊಳ್ಳಲು ಕಾರಣವಾದ ಅಧ್ಯಯನವೊಂದನ್ನು ನೀವು ಓದಲೇಬೇಕು. ನೆದರ್ಲೆಂಡ್ಸ್‌ನಲ್ಲಿ ಡೇವಿಡ್ ಕ್ಲೈನ್ ಮತ್ತು ಸಂಗಡಿಗರು ಪರಿಸರಸ್ನೇಹಿ ನಿರ್ವಹಣೆಗೆ ಹಣ ಪಡೆಯುತ್ತಿದ್ದ ಹೊಲಗಳನ್ನೂ ಸಾಮಾನ್ಯ ರೀತಿಯಲ್ಲಿ ಬೇಸಾಯ ನಡೆಯುತ್ತಿದ್ದ ಹೊಲಗಳನ್ನೂ ಜೋಡಿ ಮಾಡಿ, ಒಟ್ಟು 78 ಹೊಲಗಳಲ್ಲಿ ಸಸ್ಯ, ಹಕ್ಕಿ, ಜೇನುನೊಣ ಮತ್ತು ಹೂನೊಣಗಳನ್ನು ಗಮನಿಸಿ 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಸಸ್ಯ ಮತ್ತು ಹಕ್ಕಿಗಳ ವೈವಿಧ್ಯದಲ್ಲಿ ಯೋಜನೆಯಿಂದ ಯಾವ ಲಾಭವೂ ಕಾಣಲಿಲ್ಲ. ಜೇನುನೊಣ, ಹೂನೊಣಗಳಲ್ಲಿ ಅಲ್ಪ ಹೆಚ್ಚಳವಿತ್ತು. ಹೆಚ್ಚು ಸಾಮಾನ್ಯವಾದ ನಾಲ್ಕು ನೀರುನಡೆ ಹಕ್ಕಿಗಳು (ಜೌಗುನೆಲದಲ್ಲಿ ನಡೆದಾಡಿ ಆಹಾರ ಹುಡುಕುವ ಜಾತಿಗಳು) ಯೋಜನೆಯ ಹೊಲಗಳಲ್ಲಿ ಇನ್ನೂ ವಿರಳವಾಗಿದ್ದವು. ಎರಡು ವರ್ಷಗಳ ನಂತರ ಕ್ಲೈನ್ ಮತ್ತು ವಿಲಿಯಂ ಸದರ್‌ಲೆಂಡ್ ಯುರೋಪಿನ 62 ಮೌಲ್ಯಮಾಪನ ಅಧ್ಯಯನಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಹೆಚ್ಚಿನವುಗಳ ವಿನ್ಯಾಸವೇ ದುರ್ಬಲವಾಗಿತ್ತು, ಯೋಜನೆಗೆ ಮುಂಚಿನ ಸ್ಥಿತಿಯ ದಾಖಲೆ ವಿರಳವಾಗಿತ್ತು. ಅಪಾರ ಸಾರ್ವಜನಿಕ ಹಣ ಖರ್ಚಾದ ಯೋಜನೆಗಳು ಫಲಿಸಿದವೋ ಇಲ್ಲವೋ ಎಂದು ಹೇಳಲು ಆಧಾರವೇ ಇರಲಿಲ್ಲ ಎಂಬುದು ನನಗೆ ಯೋಜನೆ ವಿಫಲವಾಯಿತೆಂಬ ಸುದ್ದಿಗಿಂತಲೂ ಹೆಚ್ಚು ಕಳವಳದ ಸಂಗತಿ. ವಿಫಲವಾದದ್ದು ಗೊತ್ತಾದರೆ ತಿದ್ದಬಹುದು.

ಆದುದರಿಂದ ಒಳ್ಳೆಯ ಅಧ್ಯಯನಗಳು ನೀತಿಗೆ ಮುಂಚೆ ಮತ್ತು ನಂತರ, ನೀತಿಯ ಒಳಗೆ ಮತ್ತು ಹೊರಗೆ, ಹೀಗೆ ನಾಲ್ಕು ಕಡೆಯ ಅಳತೆಗಳನ್ನು ಒಟ್ಟಿಗೆ ಇಡುತ್ತವೆ. ಯೋಜನೆಯ ಹೊಲಗಳಲ್ಲಿ ಆದ ಬದಲಾವಣೆಯಿಂದ ಹೊರಗಿನ ಹೊಲಗಳಲ್ಲಿ ಅದೇ ಅವಧಿಯಲ್ಲಿ ಆದ ಬದಲಾವಣೆಯನ್ನು ಕಳೆದು ಉಳಿದದ್ದನ್ನು ಮಾತ್ರ ನೀತಿಗೆ ಸಲ್ಲಿಸುತ್ತವೆ. ಮಣ್ಣು, ಇಳಿಜಾರು, ರಸ್ತೆಯ ದೂರ, ನೀರಾವರಿ ಇವುಗಳಲ್ಲಿ ಸಮಾನವಾದ ಹೊಲಗಳನ್ನು ಜೋಡಿಸುತ್ತವೆ. ನೀತಿ ಬರುವ ಮೊದಲಿನ ಹಲವು ವರ್ಷಗಳಲ್ಲಿ ಎರಡೂ ಗುಂಪುಗಳು ಒಂದೇ ದಿಕ್ಕಿನಲ್ಲಿ ಸಾಗುತ್ತಿದ್ದವೇ ಎಂದು ತೋರಿಸುತ್ತವೆ. ಈ ಕೊನೆಯ ಪರಿಶೀಲನೆ ಇಲ್ಲದಿದ್ದರೆ ಉಳಿದ ಲೆಕ್ಕಕ್ಕೆ ಹೆಚ್ಚಿನ ಅರ್ಥವಿಲ್ಲ.

ಹೊರಗಿನ ಹೊಲಗಳೂ ನೀತಿಯ ಪ್ರಭಾವದಿಂದ ಪೂರ್ತಿ ಮುಕ್ತವಲ್ಲ ಎಂಬುದು ಇನ್ನೊಂದು ತೊಡಕು. ಅಮೆರಿಕದಲ್ಲಿ 1985ರ ಕಾಯಿದೆಯ ಮೂಲಕ ಆರಂಭವಾದ ಭೂಸಂರಕ್ಷಣಾ ಮೀಸಲು ಯೋಜನೆ, ಸವಕಳಿಗೆ ಒಳಗಾಗುವ ಸಾಗುವಳಿ ಭೂಮಿಯನ್ನು 10ರಿಂದ 15 ವರ್ಷಗಳ ಒಪ್ಪಂದದ ಮೇಲೆ ಹುಲ್ಲು ಅಥವಾ ಮರಗಳಿಗೆ ಬಿಡಿಸುತ್ತದೆ. ಅದರ ವ್ಯಾಪ್ತಿ 2007ರಲ್ಲಿ ಸುಮಾರು 3.7 ಕೋಟಿ ಎಕರೆಯ ಗರಿಷ್ಠ ಮಟ್ಟ ಮುಟ್ಟಿ, ಧಾನ್ಯದ ಬೆಲೆ ಏರಿದ ನಂತರದ ವರ್ಷಗಳಲ್ಲಿ ಇಳಿಯಿತು. ಅರ್ಥಶಾಸ್ತ್ರಜ್ಞ ಜುನ್‌ಜಿ ವು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೇಶದ ಮಧ್ಯಭಾಗದಲ್ಲಿ ಸಾಗುವಳಿಯಿಂದ ಬಿಡಿಸಿದ ಪ್ರತಿ 100 ಎಕರೆಗೆ ಪ್ರತಿಯಾಗಿ ಸುಮಾರು 20 ಎಕರೆ ಹೊಸ ಭೂಮಿ ಸಾಗುವಳಿಗೆ ಬಂದಿತ್ತು. ಈ ಅಂದಾಜಿನ ವಿಧಾನವನ್ನು ನಂತರ ಬೇರೆ ಸಂಶೋಧಕರು ಪ್ರಶ್ನಿಸಿದರು, ಚರ್ಚೆ ನಡೆಯಿತು. ಅಂಕಿಯ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದರೂ, ಯೋಜನೆಯ ಗಡಿಯಾಚೆಗೂ ಕಣ್ಣು ಹಾಯಿಸಬೇಕು ಎಂಬ ಪಾಠ ಉಳಿಯಿತು. ಪಕ್ಕದ ಭೂಮಿಗೆ ಸಾಗುವಳಿ ಸೋರಿಹೋಗಿದ್ದರೆ ಅದನ್ನೇ ಹೋಲಿಕೆಯ ಭೂಮಿಯಾಗಿ ಬಳಸುವ ಅಧ್ಯಯನ ಯೋಜನೆಯ ಲಾಭವನ್ನು ಇಮ್ಮಡಿ ತಪ್ಪಾಗಿ ಹೇಳುತ್ತದೆ: ನಷ್ಟವನ್ನು ಕಳೆಯುವುದಿಲ್ಲ, ಮೇಲಾಗಿ ಅದನ್ನು ಲಾಭವಾಗಿ ಎಣಿಸುತ್ತದೆ.

ಸೋರಿಕೆ ಸ್ಥಳದಲ್ಲಿ ಮಾತ್ರವಲ್ಲ, ಕಾಲದಲ್ಲೂ ನಡೆಯುತ್ತದೆ. ಅಂತರ್ಜಲ ಉಳಿಸಲೆಂದು ಪಂಜಾಬ್ ಮತ್ತು ಹರಿಯಾಣ ರಾಜ್ಯಗಳು 2009ರಲ್ಲಿ ಕಾನೂನು ಮಾಡಿ, ಬಿರುಬೇಸಿಗೆಯಲ್ಲಿ ಭತ್ತ ನಾಟಿ ಮಾಡುವುದನ್ನು ನಿಷೇಧಿಸಿದವು. ಪಂಜಾಬಿನಲ್ಲಿ ಜೂನ್ 10ಕ್ಕೂ ಮೊದಲು ನಾಟಿ ಮಾಡುವಂತಿರಲಿಲ್ಲ. ನಾಟಿ ತಡವಾದುದರಿಂದ ಕೊಯ್ಲೂ ತಡವಾಯಿತು, ಭತ್ತದ ಕೊಯ್ಲಿಗೂ ಗೋಧಿ ಬಿತ್ತನೆಗೂ ನಡುವೆ ಸಿಗುವ ದಿನಗಳು ಕಡಿಮೆಯಾದವು, ಕೂಳೆಗೆ ಬೆಂಕಿ ಹಚ್ಚುವುದು ಗಾಳಿಯ ಚಲನೆ ಮಂದವಾಗುವ ನವೆಂಬರಿನ ಕಡೆಗೆ ಸರಿದು ಕೆಲವೇ ದಿನಗಳಲ್ಲಿ ಒತ್ತಟ್ಟಾಯಿತು. ನೀರಿನ ನೀತಿ ಗಾಳಿಯ ಮೇಲೆ ಬೀರಿದ ಈ ಪರಿಣಾಮವನ್ನು 2019ರಲ್ಲಿ ‘ನೇಚರ್ ಸಸ್ಟೈನಬಿಲಿಟಿ’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ವಿವರಿಸಿತು. ಅಂತರ್ಜಲದ ಮಟ್ಟವನ್ನಷ್ಟೇ ನೋಡುವ ಮೌಲ್ಯಮಾಪನಕ್ಕೆ ಇದು ಕಾಣುವುದೇ ಇಲ್ಲ. ಇದೇ ಪ್ರಸಂಗದಲ್ಲಿ ಅಳತೆಯ ಸಮಸ್ಯೆಯೂ ಇದೆ. ಬೆಂಕಿ ಎಣಿಸಲು ಹೆಚ್ಚಾಗಿ ಬಳಸುವ ಧ್ರುವಕಕ್ಷೆಯ ಉಪಗ್ರಹಗಳು ಹಗಲಿನಲ್ಲಿ ಮಧ್ಯಾಹ್ನ ಸುಮಾರು ಒಂದೂವರೆ ಗಂಟೆಗೆ ತಲೆಯ ಮೇಲಿನಿಂದ ಹಾದುಹೋಗುತ್ತವೆ. ಸಂಜೆ ಹಚ್ಚಿ ಬೇಗ ಆರಿದ ಬೆಂಕಿ ಆ ಎಣಿಕೆಗೆ ಸಿಗುವುದಿಲ್ಲ. ಹಾಗಾಗಿ ಬೆಂಕಿಯ ಎಣಿಕೆ ಇಳಿದ ವರ್ಷ ಸುಟ್ಟ ವಿಸ್ತೀರ್ಣವೂ ಇಳಿದಿದೆಯೇ ಎಂದು ಪ್ರತ್ಯೇಕವಾಗಿ ಅಳೆದು ನೋಡದೆ ನೀತಿಗೆ ಯಶಸ್ಸಿನ ಪ್ರಮಾಣಪತ್ರ ಕೊಡಬಾರದು.

ಮೂರನೆಯ ಪ್ರಶ್ನೆಗೆ ಬಂದರೆ, ಭೂಬಳಕೆ ಬದಲಾದ ತಕ್ಷಣ ಪರಿಸರ ಬದಲಾಗುವುದಿಲ್ಲ. ಡೆನ್ಮಾರ್ಕ್ 1987ರಲ್ಲಿ ಜಲಪರಿಸರದ ಕ್ರಿಯಾಯೋಜನೆ ಕೈಗೊಂಡಾಗ ಸಾರಜನಕದ ಸೋರಿಕೆಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸುವ ಗುರಿ ಇತ್ತು. ಹೊಲಗಳಿಂದ ಆಗುವ ಸೋರಿಕೆ ಆ ಮಟ್ಟದ ಹತ್ತಿರಕ್ಕೆ ಬಂದದ್ದು 2000ದ ದಶಕದ ಆರಂಭದಲ್ಲಿ, ಅದೂ ಮತ್ತಷ್ಟು ಬಿಗಿಯಾದ ಯೋಜನೆಗಳ ನಂತರ. ಆ ದೇಶ ಮಾಡಿದ ವಿವೇಕದ ಕೆಲಸವೆಂದರೆ, ಕ್ರಿಯಾಯೋಜನೆಯ ಜೊತೆಜೊತೆಗೇ ರಾಷ್ಟ್ರಮಟ್ಟದ ಜಲವೀಕ್ಷಣೆಯನ್ನೂ ಆರಂಭಿಸಿ ಅದನ್ನು ನಿಲ್ಲಿಸದೆ ನಡೆಸಿದ್ದು. ಅಂತರ್ಜಲದ ನೀರು ಯಾವ ಕಾಲದಲ್ಲಿ ನೆಲದೊಳಗೆ ಇಳಿದದ್ದು ಎಂಬುದನ್ನು ಅದರಲ್ಲಿ ಕರಗಿರುವ ಕ್ಲೋರೊಫ್ಲೋರೊಕಾರ್ಬನ್ ಅನಿಲಗಳ ಅಂಶದಿಂದ ಅಂದಾಜಿಸಿ, ನೈಟ್ರೇಟ್ ಪ್ರಮಾಣವನ್ನು ಮಾದರಿ ತೆಗೆದ ವರ್ಷದ ಬದಲು ನೀರು ಇಂಗಿದ ವರ್ಷಕ್ಕೆ ಹೊಂದಿಸಿದಾಗ ಇಳಿಕೆಯ ಜಾಡು ಸ್ಪಷ್ಟವಾಯಿತು. ಹಾಗೆ ಮಾಡದಿದ್ದರೆ ಇಂದು ಮೇಲೆತ್ತಿದ ನೀರಿನಲ್ಲಿರುವ ಹಳೆಯ ಗೊಬ್ಬರದ ಉಳಿಕೆಯನ್ನು ನೋಡಿ ಇಂದಿನ ನೀತಿ ಸೋತಿತೆಂದು ತೀರ್ಮಾನಿಸಿಬಿಡುವ ಅಪಾಯವಿತ್ತು.

ಮಣ್ಣಿನ ಇಂಗಾಲದ ವಿಷಯದಲ್ಲಿ ಇನ್ನೂ ಹೆಚ್ಚು ತಾಳ್ಮೆ ಬೇಕು. ಒಂದು ಹೆಕ್ಟೇರ್ ಹೊಲದ ಮೇಲಿನ 30 ಸೆಂಟಿಮೀಟರ್ ಮಣ್ಣು, ಘನ ಸೆಂಟಿಮೀಟರಿಗೆ 1.3 ಗ್ರಾಂ ಸಾಂದ್ರತೆಯಿದ್ದರೆ, 3,900 ಟನ್ ತೂಗುತ್ತದೆ. ಅದರಲ್ಲಿ ಶೇ 1 ಸಾವಯವ ಇಂಗಾಲವೆಂದರೆ 39 ಟನ್. ಒಳ್ಳೆಯ ನಿರ್ವಹಣೆಯಿಂದ ವರ್ಷಕ್ಕೆ 0.3 ಟನ್ ಸೇರಿತೆಂದುಕೊಂಡರೂ ಹತ್ತು ವರ್ಷಗಳಲ್ಲಿ ಆಗುವ ಹೆಚ್ಚಳ 3 ಟನ್. ಅದೇ ಹೊಲದ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಇರುವುದು ತೀರ ಸಾಮಾನ್ಯ. ಎರಡು ಮೂರು ವರ್ಷಗಳ ಯೋಜನೆಯ ಕೊನೆಗೆ ಹೊಲಕ್ಕೆ ಒಂದೆರಡು ಮಾದರಿ ತೆಗೆದು ಇಂಗಾಲ ಹೆಚ್ಚಿತು ಎನ್ನುವ ವರದಿಗಳನ್ನು ನಾನು ಒಪ್ಪುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಉಳುಮೆ ನಿಲ್ಲಿಸಿದ ಹೊಲದ ಮಣ್ಣು ಕ್ರಮೇಣ ಗಟ್ಟಿಯಾಗುತ್ತದೆ, ಆಗ ಅದೇ 30 ಸೆಂಟಿಮೀಟರ್ ಆಳದಲ್ಲಿ ಮೊದಲಿಗಿಂತ ಹೆಚ್ಚು ಮಣ್ಣು ಹಿಡಿಯುತ್ತದೆ, ಇಂಗಾಲ ಹೆಚ್ಚದಿದ್ದರೂ ಹೆಚ್ಚಿದಂತೆ ಲೆಕ್ಕ ಬರುತ್ತದೆ. ಆಳವನ್ನು ಸಮವಾಗಿಡುವ ಬದಲು ಮಣ್ಣಿನ ತೂಕವನ್ನು ಸಮವಾಗಿಟ್ಟು ಹೋಲಿಸಬೇಕಾದದ್ದು ಈ ಕಾರಣಕ್ಕೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1843ರಿಂದ ನಡೆದುಬಂದಿರುವ ಬ್ರಾಡ್‌ಬಾಕ್ ಗೋಧಿ ಪ್ರಯೋಗದಂಥ ದೀರ್ಘ ದಾಖಲೆಗಳು ಅಮೂಲ್ಯವೆನಿಸುವುದೂ, ಜೋಪಾನ ಮಾಡಿದ ಹಳೆಯ ಮಣ್ಣಿನ ಮಾದರಿಗಳನ್ನು ಇಂದಿನ ಉಪಕರಣಗಳಿಂದ ಮತ್ತೆ ಪರೀಕ್ಷಿಸಲು ಅವು ಅವಕಾಶ ಕೊಡುವುದರಿಂದಲೇ.

ಹಸಿರು ಹೆಚ್ಚಿದೆ ಎಂಬುದು ನಿಜವಾಗಿದ್ದಾಗಲೂ ಅದು ಒಳ್ಳೆಯದೇ ಎಂದು ಮೊದಲೇ ಊಹಿಸಬೇಡಿ. ಚೀನಾ 1999ರಲ್ಲಿ ಆರಂಭಿಸಿದ, ಕಡಿದಾದ ಇಳಿಜಾರಿನ ಹೊಲಗಳನ್ನು ಅರಣ್ಯ ಮತ್ತು ಹುಲ್ಲುಗಾವಲಿಗೆ ಮರಳಿಸುವ ಬೃಹತ್ ಕಾರ್ಯಕ್ರಮದಿಂದ ಲೋಯೆಸ್ ಪ್ರಸ್ಥಭೂಮಿ ಹಸಿರಾಯಿತು, ಸವಕಳಿ ಕಡಿಮೆಯಾಯಿತು. ಅಲ್ಲಿನ ಗಿಡಮರಗಳು ಬಳಸುವ ನೀರು ಆ ಪ್ರದೇಶ ತಾಳಿಕೊಳ್ಳಬಲ್ಲ ಮಿತಿಯ ಹತ್ತಿರಕ್ಕೆ ಬಂದಿದೆ ಎಂದು 2016ರ ಒಂದು ಅಧ್ಯಯನ ಎಚ್ಚರಿಸಿತು. ಒಂದೇ ಜಾತಿಯ ನೆಡುತೋಪಿಗೂ ಹಲವು ಜಾತಿಯ ಕಾಡಿಗೂ ಉಪಗ್ರಹದ ಸಸ್ಯ ಸೂಚ್ಯಂಕ ಹೆಚ್ಚುಕಡಿಮೆ ಒಂದೇ ಆಗಿರಬಹುದು. ಹಕ್ಕಿಗೂ ಜೇನಿಗೂ ಅವೆರಡೂ ಒಂದೇ ಅಲ್ಲ.

ನಿಮ್ಮ ಅಧ್ಯಯನದ ಬಗ್ಗೆ ಹೇಳುವುದಾದರೆ, ಚಿತ್ರಗಳನ್ನು ಇಳಿಸಿಕೊಳ್ಳುವ ಮೊದಲು ನೀತಿಯ ಪಠ್ಯವನ್ನು ಓದಿ. ಯಾರಿಗೆ, ಯಾವ ಭೂಮಿಗೆ, ಯಾವ ದಿನಾಂಕದಿಂದ, ಏನು ಮಾಡಿದರೆ ಹಣ ಅಥವಾ ದಂಡ ಎಂಬುದನ್ನು ಬರೆದುಕೊಂಡ ಮೇಲೆ, ನೀತಿ ಫಲಿಸಿದ್ದರೆ ಯಾವ ಹೊಲದಲ್ಲಿ ಯಾವ ತಿಂಗಳಲ್ಲಿ ಏನು ಕಾಣಬೇಕು, ಫಲಿಸದಿದ್ದರೆ ಏನು ಕಾಣಬೇಕು ಎಂದು ಮುಂಚಿತವಾಗಿಯೇ ದಾಖಲಿಸಿಡಿ. ನಂತರ ಹೊಲಗಳಿಗೆ ಹೋಗಿ. ಅಲ್ಲಿನವರು ನಿಮಗೆ ಮಾಹಿತಿ ಕೊಡುವವರು ಮಾತ್ರವೆಂದು ತಿಳಿಯಬೇಡಿ. ಯಾವ ವರ್ಷ ಯಾವ ಹೊಲ ಏಕೆ ಬೀಳು ಬಿತ್ತು ಎಂಬುದಕ್ಕೆ ಅವರ ನೆನಪಿನಷ್ಟು ಒಳ್ಳೆಯ ದಾಖಲೆ ಬಹಳ ಕಡೆ ಇಲ್ಲ. ಅವರ ಹೊಲದ ನಿಖರ ಸ್ಥಾನವನ್ನು ಹೆಸರಿನೊಂದಿಗೆ ಪ್ರಕಟಿಸಬೇಡಿ. ಸಂಶೋಧನೆಗೆಂದು ಕೊಟ್ಟ ಮಾಹಿತಿ ನಾಳೆ ಸಹಾಯಧನ ಕಡಿತಕ್ಕೆ ಬಳಕೆಯಾದರೆ, ಆನಂತರ ಬರುವ ಯಾವ ಸಂಶೋಧಕರಿಗೂ ಅಲ್ಲಿ ನಿಜ ಸಿಗುವುದಿಲ್ಲ.

ಪರೀಕ್ಷಾ ಬಿಂದುಗಳ ಸಂಖ್ಯೆಯನ್ನು ಕೊನೆಗೆ ಉಳಿದ ಹಣಕ್ಕೆ ತಕ್ಕಂತೆ ನಿರ್ಧರಿಸದೆ ಮೊದಲೇ ಲೆಕ್ಕ ಹಾಕಿ. ಮೇಲಿನ ಕಲ್ಪಿತ ಪ್ರದೇಶದಲ್ಲಿ ಹುಲ್ಲುಗಾವಲಿನ ವಿಸ್ತೀರ್ಣವನ್ನು 500 ಹೆಕ್ಟೇರ್ ಅತ್ತಿತ್ತದ ಒಳಗೆ ತಿಳಿಯಬೇಕಾದರೆ 600 ಬಿಂದುಗಳು ಸಾಲವು, ಸುಮಾರು 7,200 ಬೇಕಾಗುತ್ತವೆ. ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಆಗುವ ಕೆಲಸ ಅದಲ್ಲ. ಆದರೆ ಎರಡು ನಕ್ಷೆಗಳನ್ನು ಕಳೆಯುವ ದಾರಿ ಬಿಟ್ಟು, ಚಿತ್ರಗಳ ಪೂರ್ಣ ಕಾಲಸರಣಿಯಿಂದ ಬದಲಾವಣೆ ಆಗಿರಬಹುದಾದ ಜಾಗಗಳನ್ನು ಒಂದು ಪ್ರತ್ಯೇಕ ವರ್ಗವಾಗಿ ಗುರುತಿಸಿ, ಅದರಲ್ಲೂ ಅದರ ಅಂಚಿನ ಪಟ್ಟಿಯಲ್ಲೂ ಹೆಚ್ಚು ಬಿಂದುಗಳನ್ನಿಟ್ಟು, ಉಳಿದ ವಿಶಾಲ ಭಾಗದಲ್ಲಿ ಕಡಿಮೆ ಇಟ್ಟರೆ, ಬದಲಾವಣೆಯನ್ನೇ ನೇರವಾಗಿ ಅಂದಾಜಿಸಬಹುದು ಮತ್ತು ಬೇಕಾಗುವ ಸಂಖ್ಯೆ ಬಹಳ ಕಡಿಮೆಯಾಗುತ್ತದೆ. ಅದೂ ಕೈಮೀರಿದರೆ ಇಡೀ ಜಿಲ್ಲೆಯ ಬದಲು ನೀತಿಯ ಗಡಿಯ ಎರಡೂ ಬದಿಯ ಕೆಲವು ಹಳ್ಳಿಗಳನ್ನು ಮಾತ್ರ ಆರಿಸಿಕೊಂಡು, ಪ್ರಶ್ನೆಯನ್ನೇ ಚಿಕ್ಕದು ಮಾಡಿಕೊಳ್ಳಿ.